ಅಜ್ಜಿಯದೋ ನನ್ನದೋ

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೇಸಿಗೆ ರಜೆ ಬಂತೆಂದರೆ ಬೆಳಿಗ್ಗೆ ಒಣಹುಲ್ಲಿನ ವಾಸನೆ, ಮಧ್ಯಾಹ್ನ ಎಲ್ಲರ ಮನೆಯ ಮಾವಿನಹಣ್ಣಿನ ವಾಸನೆ. ನಾವು ಹುಡುಗಿಯರು ಸೈಟಿನಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ನಾಲ್ಕನೇ ಕ್ಲಾಸು ಮುಗಿದ ಆ ರಜೆಯಲ್ಲಿ ಮಾತ್ರ ನಾನು ಆಟಕ್ಕೆ ತಡವಾಗಿ ಹೋಗುತ್ತಿದ್ದೆ. ದೇವರನ್ನು ನೋಡುವ ಕೆಲಸ ಬಾಕಿ ಇರುತ್ತಿತ್ತು.

ನಮ್ಮದು ಲಿಂಗವಂತರ ಮನೆ. ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ದಾವಣಗೆರೆ ಕಡೆಯ ಹಳ್ಳಿಯಿಂದ ಅಜ್ಜಿಯನ್ನೂ ಕರೆತಂದಿದ್ದ. ಅಜ್ಜಿಯ ಕೊರಳಲ್ಲಿ ಬೆಳ್ಳಿಯ ಪುಟ್ಟ ಕರಡಿಗೆ, ಅದರೊಳಗೆ ಅವಳ ಇಷ್ಟಲಿಂಗ. ಐವತ್ತು ವರ್ಷದಿಂದ ಅದು ಮೈಬಿಟ್ಟು ಹೋದದ್ದು ಒಂದೇ ಸಲವಂತೆ. ಹೊಳೆಯಲ್ಲಿ ಬಟ್ಟೆ ಒಗೆಯುವಾಗ ದಾರ ಹರಿದು ಕರಡಿಗೆ ನೀರಿಗೆ ಬಿತ್ತು. ಸಿಗುವ ತನಕ ಒಂದೂವರೆ ದಿನ ಅಜ್ಜಿ ಹನಿ ನೀರೂ ಮುಟ್ಟದೆ ದಂಡೆಯ ಮೇಲೆ ಕೂತಿದ್ದಳು. ಈ ಕಥೆಯನ್ನು ಮನೆಗೆ ಬಂದ ಯಾರೂ ಕೇಳದೆ ಹೋಗುವಂತಿರಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನೂ ಒಮ್ಮೆ ಸಿಲಿಂಡರ್ ಹೆಗಲ ಮೇಲೆ ಇಟ್ಟುಕೊಂಡೇ ಪೂರ್ತಿ ಕೇಳಿದ್ದ.

"ಲಿಂಗ ಮೈಯಿಂದ ದೂರಾದ್ರೆ ಉಣ್ಣಂಗಿಲ್ಲ, ಕುಡಿಯಂಗಿಲ್ಲ. ಗೊತ್ತೇನಪ್ಪಾ?" ಎಂದು ಅಜ್ಜಿ ಕೊನೆಗೆ ಹೇಳುತ್ತಿದ್ದಳು. ಅವನು "ಗೊತ್ತಾಯ್ತಜ್ಜಿ, ಇಳಿಸ್ಲಾ?" ಎಂದಿದ್ದ.

ಆ ವರ್ಷ ಶಿವರಾತ್ರಿಗೆ ನನಗೂ ದೀಕ್ಷೆ ಆಯಿತು. ಸುಂಕದಕಟ್ಟೆಯಿಂದ ನಮ್ಮ ಮನೆತನದ ಗುರುಗಳಾದ ಅಯ್ಯನವರು ಬಂದು ನನ್ನ ಕೊರಳಿಗೂ ಒಂದು ಲಿಂಗ ಕಟ್ಟಿದರು. ಅದೇ ಸಮಯಕ್ಕೆ ಅಜ್ಜಿಯ ಲಿಂಗದ ಮೇಲಿನ ಕಪ್ಪು ಲೇಪ ಸವೆದಿತ್ತೆಂದು ಅದಕ್ಕೂ ಹೊಸದಾಗಿ ಲೇಪ ಮಾಡಿಕೊಟ್ಟರು. ಎರಡೂ ಒಂದೇ ಗೊಂಚಲಿನ ನೇರಳೆಹಣ್ಣಿನ ಹಾಗೆ ಕಾಣುತ್ತಿದ್ದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

"ಎಡಗೈ ಮೇಲಿಟ್ಕೊಂಡು ಕಣ್ಣು ಮಿಟುಕಿಸ್ದೆ ನೋಡಮ್ಮಾ. ನೋಡ್ತಾ ನೋಡ್ತಾ ಬೆಳಕು ಕಾಣುತ್ತೆ," ಎಂದಿದ್ದರು ಅಯ್ಯನವರು.

ನೋಡಿದೆ. ಶಿವರಾತ್ರಿಯಿಂದ ರಜೆಯವರೆಗೆ ದಿನಾ ನೋಡಿದೆ. ಬೆಳಕು ಕಂಡದ್ದು ನಿಜ. ಹೊಸ ಲೇಪದ ಮೇಲೆ ನಮ್ಮ ನಡುಮನೆಯ ಟ್ಯೂಬ್ ಲೈಟು ಉದ್ದಕ್ಕೆ, ಸ್ವಲ್ಪ ಬಾಗಿ ಕಾಣುತ್ತಿತ್ತು. ಅದರಾಚೆ ಏನೂ ಇಲ್ಲ. ಪಕ್ಕದಲ್ಲಿ ಕೂತ ಅಜ್ಜಿಯ ಕಥೆಯೇ ಬೇರೆ. ಅರ್ಧ ಗಂಟೆ ಅಲುಗಾಡದೆ ಅಂಗೈ ನೋಡುತ್ತಿದ್ದಳು, ಕಣ್ಣಿಂದ ಧಾರಾಳವಾಗಿ ನೀರು ಹರಿಯುತ್ತಿತ್ತು. ಅಜ್ಜಿಗೆ ಏನೋ ಕಾಣುತ್ತಿದೆ, ನನಗೆ ಕಾಣುತ್ತಿಲ್ಲ ಎಂಬ ಸಂಕಟ ನನ್ನನ್ನು ತಿನ್ನತೊಡಗಿತು. ಹೊಟ್ಟೆಕಿಚ್ಚು ಎಂದೇ ಹೇಳಬೇಕು. ಭಕ್ತಿ ಎಂದರೆ ಸುಳ್ಳಾಗುತ್ತದೆ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಮನೆಯ ಟಿವಿಯಲ್ಲಿ ವಾರ್ತೆ ಓದುವವಳ ಮುಖ ಸದಾ ರವೆ ಚೆಲ್ಲಿದಂತೆ ಕಾಣುತ್ತಿತ್ತು. ಕೆಳಗಿನ ಓನರ್ ಆಂಟಿ ಮನೆಯಲ್ಲಿ ಅವಳದೇ ಮುಖ, ಮೂಗುತಿ ಸಮೇತ ಸ್ಪಷ್ಟ. ನೋಡುವ ಕಣ್ಣು ಎರಡೂ ಕಡೆ ನನ್ನದೇ. ಅಂದಮೇಲೆ ತಪ್ಪು ಸೆಟ್ಟಿನದು. ನನಗೆ ಕೊಟ್ಟ ಲಿಂಗ ಹೊಸದು, ಇನ್ನೂ ಸರಿಯಾಗಿ ಹಿಡಿಯುತ್ತಿಲ್ಲ. ಅಜ್ಜಿಯದು ಐವತ್ತು ವರ್ಷ ಪಳಗಿದ್ದು.

ಪೂಜೆ ಮುಗಿದ ಮೇಲೆ ಎರಡೂ ಲಿಂಗಗಳನ್ನು ಒಂದೇ ತಟ್ಟೆಯಲ್ಲಿ ಮಡಿವಸ್ತ್ರದ ಮೇಲಿಟ್ಟು, ಅಜ್ಜಿ ಹಣೆಗೆ, ತೋಳಿಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಬಲಗಡೆಯದು ಅವಳದು, ಎಡಗಡೆಯದು ನನ್ನದು. ಒಂದು ಸೋಮವಾರ, ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು. ಅಜ್ಜಿ ಆ ಕಡೆ ತಿರುಗಿ "ಹಾಲು ನೋಡೇ!" ಎಂದು ಅಮ್ಮನನ್ನು ಕೂಗಿದಳು. ಅವಳು ತಲೆ ಮತ್ತೆ ಈ ಕಡೆ ತಿರುಗಿಸುವುದರೊಳಗೆ ನಾನು ಎರಡನ್ನೂ ಅದಲುಬದಲು ಮಾಡಿದ್ದೆ. ಕರಡಿಗೆ ಅವರವರದ್ದು, ಲಿಂಗ ಮಾತ್ರ ಅವರದ್ದು ಇವರಿಗೆ.

ಮಂಗಳವಾರ ಆಸೆಯಿಂದ ಅಂಗೈ ನೋಡಿದೆ. ಟ್ಯೂಬ್ ಲೈಟು. ಬುಧವಾರವೂ ಅದೇ. ಓರೆಗಣ್ಣಿನಲ್ಲಿ ನೋಡಿದರೆ ಅಜ್ಜಿ ನನ್ನ ಕೆಟ್ಟ ಸೆಟ್ಟನ್ನು ಹಿಡಿದುಕೊಂಡೇ ಧಾರಾಕಾರ ಅಳುತ್ತಿದ್ದಳು. ತಪ್ಪು ಸೆಟ್ಟಿನದಲ್ಲ, ನನ್ನದೇ ಎಂದು ಖಾತ್ರಿಯಾಯಿತು. ಆ ಅವಮಾನದ ಜೊತೆಗೆ ಇನ್ನೊಂದು ಭಯವೂ ಹೊಕ್ಕಿತು. ಲಿಂಗ ದೂರಾದರೆ ಉಣ್ಣುವಂತಿಲ್ಲ. ಅಜ್ಜಿಯ ಲಿಂಗ ನನ್ನ ಕೊರಳಲ್ಲಿ. ಅಜ್ಜಿಯೋ ಎರಡು ದಿನದಿಂದ ಮೂರು ಹೊತ್ತೂ ರೊಟ್ಟಿ ತಿನ್ನುತ್ತಿದ್ದಾಳೆ!

ಗುರುವಾರ ಹೇಗಾದರೂ ವಾಪಸ್ ಬದಲಾಯಿಸಬೇಕೆಂದು ಕಾದೆ. ಅಜ್ಜಿ ವಿಭೂತಿ ಹಚ್ಚಿಕೊಳ್ಳುತ್ತಾ ಕಣ್ಣು ಮುಚ್ಚಿದಳು, ನಾನು ಸರಕ್ಕನೆ ಬದಲಾಯಿಸಿದೆ. ಕೈ ಹಿಂದಕ್ಕೆ ತೆಗೆದ ಮೇಲೆ ನೋಡುತ್ತೇನೆ, ತಟ್ಟೆಯ ಅಂಚಿನ ಬಾಗಿದ ಭಾಗ ಅಜ್ಜಿಯ ಕಡೆಗಿದೆ. ಅದು ಯಾವಾಗಲೂ ಗೋಡೆಯ ಕಡೆಗೆ ಇರುತ್ತಿತ್ತು. ಪೂಜೆ ಮುಗಿಯುವ ಹೊತ್ತಿಗೆ ನೆಲ ಒರೆಸಲು ಬಂದ ಅಮ್ಮ ತಟ್ಟೆಯನ್ನು ಎತ್ತಿ ಇಟ್ಟಿದ್ದು ನಿಜ. ಆದರೆ ಎತ್ತಿದ್ದು ಲಿಂಗಗಳನ್ನು ತಟ್ಟೆಗೆ ಇಡುವ ಮೊದಲೋ, ಇಟ್ಟ ಮೇಲೋ? ಮೊದಲಾದರೆ ಈಗ ಸರಿಹೋಯಿತು. ಆಮೇಲಾದರೆ ತಟ್ಟೆ ತಿರುಗಿದಾಗಲೇ ಅವು ಅವರವರ ಕಡೆ ಬಂದಿದ್ದವು, ನಾನು ಮತ್ತೆ ಕೆಡಿಸಿದೆ. ಎಷ್ಟು ಲೆಕ್ಕ ಹಾಕಿದರೂ ತಿಳಿಯಲಿಲ್ಲ. ಅಷ್ಟರಲ್ಲಿ ಅಜ್ಜಿ ಒಂದನ್ನು ಕರಡಿಗೆಗೆ ಹಾಕಿಕೊಂಡು "ಹಾಕ್ಕಳ್ಳೇ ನಿಂದೂ," ಎಂದಳು.

ಅವತ್ತು ಮಧ್ಯಾಹ್ನ ಮಾವಿನ ಸೀಕರಣೆ. ಏಲಕ್ಕಿ ಹಾಕಿದ, ಚಮಚ ನಿಲ್ಲುವಷ್ಟು ಗಟ್ಟಿಯ ಸೀಕರಣೆ. ಬೇರೆ ದಿನವಾದರೆ ಪಾತ್ರೆಗೇ ತಲೆ ಹಾಕುತ್ತಿದ್ದವಳು ತಟ್ಟೆ ದೂರ ತಳ್ಳಿದೆ.

"ಉಷ್ಣ ಆಗಿದೆ ಇವಳಿಗೆ," ಎಂದು ಅಮ್ಮ ಜೀರಿಗೆ ನೀರು ತಂದಳು. ಅದನ್ನೂ ಮುಟ್ಟಲಿಲ್ಲ. ಅಮ್ಮ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ನಾನು ಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತಾ ಬಾಯಿ ಮಾತ್ರ ಬಿಡಲಿಲ್ಲ. ಕೊನೆಗೆ ಅಜ್ಜಿ ಸೀಕರಣೆಯ ಬಟ್ಟಲು ಹಿಡಿದು ಬಂದು, ಒಂದು ಚಮಚ ತಾನು ಬಾಯಿಗಿಡಲು ಹೊರಟು, "ನೋಡು, ನಾನು ತಿಂತೀನಿ, ನೀನೂ ತಿನ್ನು," ಎಂದಳು.

"ತಿನ್ಬೇಡ ಅಜ್ಜಿ!" ಎಂದು ಕಿರುಚಿಬಿಟ್ಟೆ. ಆಮೇಲೆ ಅಳುತ್ತಾ ಸೋಮವಾರದಿಂದ ಗುರುವಾರದವರೆಗಿನ ಎಲ್ಲವನ್ನೂ ಒಪ್ಪಿಸಿದೆ.

ಚಮಚ ಅಲ್ಲೇ ಬಾಯಿಯ ಹತ್ತಿರ ನಿಂತಿತು. ಅಜ್ಜಿ ಅದನ್ನು ಮೆಲ್ಲಗೆ ಬಟ್ಟಲಿಗೆ ಇಳಿಸಿದಳು, ಬೈಯಲಿಲ್ಲ. ಎದ್ದು ಕೈತೊಳೆದು, ಎರಡೂ ಕರಡಿಗೆ ಬಿಚ್ಚಿ, ಲಿಂಗಗಳನ್ನು ಎರಡು ಅಂಗೈಗಳ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಹೋದಳು. ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. ಬದನೆಕಾಯಿ ಆರಿಸುವವರಂತೆ ಕೈಯಲ್ಲೇ ತೂಗಿ ನೋಡಿದಳು.

"ಇದೇ ನಂದು. ಗುರ್ತು ಸಿಗಾದಿಲ್ವೇನು ನಂಗೆ," ಎಂದು ಬಲಗೈ ಎತ್ತಿದಳು. ಒಂದು ನಿಮಿಷ ಬಿಟ್ಟು, "ಅಲ್ಲ, ಇದು," ಎಂದು ಎಡಗೈ ಎತ್ತಿದಳು. ಆಮೇಲೆ ಎರಡನ್ನೂ ಇಳಿಸಿ, ಕೈಗೆ ಸಿಕ್ಕಂತೆ ಕರಡಿಗೆಗಳಿಗೆ ಹಾಕಿ, ನನ್ನ ಕೊರಳಿಗೊಂದು ತನ್ನ ಕೊರಳಿಗೊಂದು ಕಟ್ಟಿದಳು. ಅಜ್ಜಿಗೆ ಗೊತ್ತಾಗದ್ದೂ ಇದೆ ಎಂದು ನಾನು ಕಂಡದ್ದು ಅದೇ ಮೊದಲು. ಹೆದರಿಕೆಯಾಯಿತು.

ಮೊದಲ ಪಾಳಿ ಮುಗಿಸಿ ಅಪ್ಪ ಮೂರೂವರೆಗೆ ಬಂದ. ವಿಷಯ ಕೇಳಿದವನೇ ಗಂಭೀರವಾಗಿ ಬ್ಯಾಗಿನಿಂದ, ಕಾರ್ಖಾನೆಯಲ್ಲಿ ಕೂದಲೆಳೆಯ ದಪ್ಪವನ್ನೂ ಅಳೆಯುವ ವರ್ನಿಯರ್ ತೆಗೆದ.

"ಎರಡೂ ಒಂದೇ ಸೈಜ್ ಇರೋಕ್ಕೆ ಚಾನ್ಸೇ ಇಲ್ಲ ಅವ್ವಾ. ಅಳೆದು ನೋಡಾಣ."

"ಏನೋ, ಶಿವನ್ನ ಅಳೀತಿಯಾ?"

"ಅಳೆದ್ರೆ ಗೊತ್ತಾಗ್ತದೆ."

"ಗೊತ್ತಾದ್ ಮ್ಯಾಲೆ? ನಂದು ಎಷ್ಟು ದಪ್ಪ ಇತ್ತು ಅಂತ ನಂಗೇ ಗೊತ್ತಿಲ್ವಲ್ಲೋ!"

ಅಪ್ಪ ವರ್ನಿಯರ್ ಒಳಗಿಟ್ಟ. ಓನರ್ ಆಂಟಿ ಮನೆಯ ಫೋನಿನಿಂದ ಸುಂಕದಕಟ್ಟೆಗೆ ಮಾತಾಡಿ ಬಂದ. ಅಯ್ಯನವರು ಕೆಂಗೇರಿಗೆ ಗೃಹಪ್ರವೇಶಕ್ಕೆ ಹೋಗಿದ್ದರು, ಸಂಜೆಗೆ ಬರುತ್ತಾರೆ ಎಂದು ಸುದ್ದಿ. ಅಮ್ಮ ಗಡಿಯಾರ ನೋಡಿದಳು. ಅಜ್ಜಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈಕಾಲು ನಡುಗಿ ಕಣ್ಣು ಕತ್ತಲೆ ಬರುತ್ತಿತ್ತು.

"ಅತ್ತೆ, ಒಂದ್ ಲೋಟ ಮಜ್ಜಿಗೆನಾದ್ರೂ ಕುಡೀರಿ. ಕೊರಳಲ್ಲಿ ಯಾವುದೋ ಒಂದು ಇದೆಯಲ್ಲ," ಎಂದು ಅಮ್ಮ ಬೇಡಿಕೊಂಡಳು.

"ಯಾವುದೋ ಒಂದು ಅಂದ್ರೆ ಆತೇನೆ? ಊರಿಗೆಲ್ಲ ನೇಮ ಹೇಳಿದಾಕಿ ನಾನು," ಎಂದಳು ಅಜ್ಜಿ. ದನಿ ಗಟ್ಟಿಯಿತ್ತು, ಬೆರಳು ಆಗಲೇ ಸಣ್ಣಗೆ ನಡುಗುತ್ತಿದ್ದವು. ಅಜ್ಜಿ ಸತ್ತುಹೋದರೆ ಅದು ನನ್ನಿಂದಲೇ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ನಡುಮನೆಯ ಚಾಪೆಯ ಮೇಲೆ ನಾವಿಬ್ಬರೂ ಎದುರುಬದುರು ಕೂತೆವು. ಮುಚ್ಚಿಟ್ಟರೂ ಸೀಕರಣೆಯ ಘಮ ಮನೆಯೆಲ್ಲ ಓಡಾಡುತ್ತಿತ್ತು. ನಾನು ಧೈರ್ಯ ಮಾಡಿ ಕೇಳಿದೆ.

"ಅಜ್ಜಿ, ಬುಧವಾರ ನಿನ್ ಕೈಯಲ್ಲಿ ಇದ್ದಿದ್ದು ನಂದು. ಆದ್ರೂ ನಿಂಗೆ ಬೆಳಕು ಕಾಣ್ತಾ?"

ಅಜ್ಜಿ ಅಡುಗೆಮನೆಯ ಕಡೆ ನೋಡಿ, ಅಮ್ಮ ಅಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಮದ್ಲು ಮದ್ಲು ಏನೋ ಕಾಣ್ತಿತ್ತು ಅನ್ನಿಸ್ತತೆ ಕಣೇ. ಆಮ್ಯಾಲೆ ನಿಮ್ಮಮ್ಮ ಸಾರಿಗೆ ಉಪ್ಪು ಹಾಕಿದ್ಲೋ ಇಲ್ವೋ, ಹಾಲು ಉಕ್ತೋ ಏನೋ, ಅದೇ ಕಾಣಾದು."

"ಮತ್ತೆ ಅಳ್ತಿದ್ದೆ?"

"ಕಣ್ಣು ಮಿಟುಕಿಸ್ದೆ ಅರ್ಧ ತಾಸು ಕುಂತ್ರೆ ಎಮ್ಮೆ ಕಣ್ಣಾಗೂ ನೀರು ಬರ್ತತೆ."

ನನಗೆ ನಗು ಬಂತು. ಅಜ್ಜಿಯೂ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಸಲ ರೆಪ್ಪೆ ಚೆನ್ನಾಗಿಯೇ ಬಡಿಯುತ್ತಿತ್ತು.

"ಐವತ್ತು ವರ್ಷ ದಿನಾ ನೋಡೀನಿ ಅಂತ ಜಂಬ ಮಾಡ್ದೆ. ಗುರ್ತೇ ಹಿಡಿಯಾಕೆ ಆಗ್ಲಿಲ್ವಲ್ಲೇ ನಂಗೆ. ನೋಡೇ ಇಲ್ಲ ನಾನು."

ನಾನು ಹತ್ತಿರ ಸರಿದು ಅವಳ ಕೈ ಹಿಡಿದುಕೊಂಡೆ.

ಆರು ಗಂಟೆಗೆ ಕೆಳಗೆ ಮೊಪೆಡ್ಡಿನ ಸದ್ದಾಯಿತು. ಅಯ್ಯನವರು ಹೆಲ್ಮೆಟ್ ಕಳಚುತ್ತಾ ಒಳಬಂದರು, ಅದರ ಬೆಲ್ಟು ರುದ್ರಾಕ್ಷಿಗೆ ಸಿಕ್ಕಿಕೊಂಡು ಅಪ್ಪ ಬಿಡಿಸಬೇಕಾಯಿತು. ಎಲ್ಲವನ್ನೂ ಕೇಳಿ, ಎರಡೂ ಲಿಂಗಗಳನ್ನು ಹಿಂದೆ ಮುಂದೆ ನೋಡಿದರು.

"ನಿಮಗಾದ್ರೂ ಗೊತ್ತಾಗ್ತತೇನ್ ಬುದ್ದಿ?" ಅಜ್ಜಿಯ ದನಿಯಲ್ಲಿ ಕೊನೆಯ ಆಸೆ.

"ಇಲ್ಲ ತಾಯಿ. ನಾನೇ ಲೇಪ ಮಾಡಿದ್ದು, ನಂಗೂ ಗೊತ್ತಾಗಲ್ಲ," ಎಂದರು ಅಯ್ಯನವರು. "ಇನ್ನೊಂದ್ ಸಲ ಕಟ್ಬಿಡ್ತೀನಿ ಇಬ್ರಿಗೂ. ಸ್ನಾನ ಮಾಡ್ಕೊಂಡು ಬನ್ನಿ. ಹೊಸದಾಗೇ ಶುರು ಮಾಡಿ."

ಹೀಗೆ ಅರವತ್ತೆಂಟರ ಅಜ್ಜಿ ನನ್ನ ಪಕ್ಕದಲ್ಲಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ಹೊಸ ಹುಡುಗಿಯಂತೆ ಚಕ್ಕಳಮಕ್ಕಳ ಹಾಕಿ ಕೂತಳು. ನನಗೆ ಶಿವರಾತ್ರಿಯಲ್ಲಿ ಕೇಳಿದ್ದನ್ನೇ ಅಯ್ಯನವರು ಅವಳಿಗೂ ಕೇಳಿದರು.

"ಸುಳ್ಳು ಹೇಳಲ್ಲ ತಾನೇ?"

"ಹೇಳಾದಿಲ್ಲ ಬುದ್ದಿ."

"ಮನೆಯೋರ ಮೇಲೆ ಸಿಟ್ಟು ಮಾಡಲ್ಲ ತಾನೇ?"

ಅಜ್ಜಿ ಬಾಗಿಲಲ್ಲಿ ನಿಂತ ಅಮ್ಮನನ್ನು ನೋಡಿದಳು. ಆಗಷ್ಟೇ ಸುಳ್ಳು ಹೇಳುವುದಿಲ್ಲ ಎಂದು ಒಪ್ಪಿಕೊಂಡಾಗಿತ್ತು. "ನೋಡಾಣ ಬುದ್ದಿ," ಎಂದಳು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೋಡಿದಳು.

ಸೀಕರಣೆ ಸಂಜೆಯ ಹೊತ್ತಿಗೆ ಸ್ವಲ್ಪ ಹುಳಿಯಾಗಿತ್ತು. ಅಷ್ಟು ರುಚಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ. ಅಜ್ಜಿಗೆ ಅರ್ಧ ಬಟ್ಟಲು ಎಂದು ಅಮ್ಮ ಹೇಳಿದ್ದಳು, ಅವಳು ಎರಡು ತಿಂದಳು, ಯಾರೂ ಲೆಕ್ಕ ಕೇಳಲಿಲ್ಲ.

ಮರುದಿನದಿಂದ ಪೂಜೆಯ ಹೊತ್ತಿಗೆ ಅಜ್ಜಿ ಟ್ಯೂಬ್ ಲೈಟು ಆರಿಸಿ ಎಣ್ಣೆಯ ದೀಪ ಹಚ್ಚತೊಡಗಿದಳು. ಹಾಲು ಉಕ್ಕಿದರೂ ಕೂಗುತ್ತಿರಲಿಲ್ಲ, ಮೂಗಿನ ಹೊಳ್ಳೆ ಮಾತ್ರ ಅರಳುತ್ತಿತ್ತು. ನಡುನಡುವೆ ನನ್ನ ಕಡೆ ವಾಲಿ ಪಿಸುಗುಟ್ಟುತ್ತಿದ್ದಳು:

"ಏನಾರ ಕಾಣ್ತತೇನೇ?"

"ಇಲ್ಲ. ನಿಂಗೆ?"

"ನಂಗೂ ಇಲ್ಲ. ಕುಂತ್ಕ, ನೋಡಾಣ."

ಹೊಳೆಯ ಕಥೆ ಅಲ್ಲಿಗೆ ನಿಂತಿತು. ಮನೆಗೆ ಬಂದವರಿಗೆಲ್ಲ ಈ ಕಥೆ ಶುರುವಾಯಿತು. "ನಾನೂ ನನ್ ಮೊಮ್ಮಗಳೂ ಒಂದೇ ದಿನ ದೀಕ್ಷೆ ತಗಂಡೋರು," ಎಂದು ಅಜ್ಜಿ ನನ್ನ ಮಾನವನ್ನು ಬೀದಿಗೆಲ್ಲ ಹಂಚಿದಳು. ಸಿಲಿಂಡರಿನವನು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದ.

ಹದಿನಾಲ್ಕು ವರ್ಷದ ನಂತರ ಅಜ್ಜಿ ಹೋದಳು. ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಅಯ್ಯನವರು ಅವಳ ಅಂಗೈ ಮೇಲೆ ಲಿಂಗವಿಟ್ಟು ಒಂದೊಂದೇ ಬೆರಳು ಮಡಿಸುವಾಗ ನನ್ನನ್ನು ತಿರುಗಿ ನೋಡಿದರು. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು ಎಂದು ಕಾಣುತ್ತದೆ. ಎಲ್ಲರೂ ಅಳುತ್ತಿದ್ದಾಗ ನನಗೆ ನಗು ಉಕ್ಕಿತು, ಅದರ ಹಿಂದೆಯೇ ತಡೆಯಲಾರದ ಅಳು.

ಈಗ ನಾನಿರುವುದು ಹೊಸಹಳ್ಳಿ ಮೆಟ್ರೋ ಹತ್ತಿರದ ಫ್ಲಾಟಿನಲ್ಲಿ. ಬಸವೇಶ್ವರನಗರದ ಆ ಬೀದಿಯಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುವಷ್ಟು ಜಾಗವೂ ಉಳಿದಿಲ್ಲ. ಮನಸ್ಸಿನ ನೆಮ್ಮದಿಗೆಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೇನೆ. ದಿನಾ ಬೆಳಿಗ್ಗೆ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಉಸಿರು ಎಳೆದುಕೊಳ್ಳಲು ಹೇಳುತ್ತಾಳೆ. ಅವಳ ದನಿ ಚೆನ್ನಾಗಿದೆ, ಆದರೆ ಅವಳಿಗೆ ಹಾಲಿನ ಚಿಂತೆ ಇಲ್ಲ. ಕರಡಿಗೆ ಕೊರಳಿನಿಂದ ಬೀರುವಿಗೆ ಹೋಗಿ ಬಹಳ ವರ್ಷವಾಯಿತು. ಅಜ್ಜಿಯ ನೇಮದ ಪ್ರಕಾರ ನಾನು ಇಷ್ಟೂ ವರ್ಷ ಉಪವಾಸ ಇರಬೇಕಿತ್ತು.

ಕಳೆದ ವಾರ ಅದನ್ನು ಹೊರತೆಗೆದು, ದೀಪ ಹಚ್ಚಿ, ಅಂಗೈ ಮೇಲಿಟ್ಟುಕೊಂಡು ಕೂತೆ. ಲೇಪ ಅಲ್ಲಲ್ಲಿ ಸವೆದಿದೆ. ಇದು ಅಜ್ಜಿಯದೋ ನನ್ನದೋ ಇವತ್ತಿಗೂ ಗೊತ್ತಿಲ್ಲ. ಅರ್ಧ ಗಂಟೆ ನೋಡಿದೆ, ಏನೂ ಕಾಣಲಿಲ್ಲ. ಕಾಣದಿದ್ದುದಕ್ಕೆ ಬೇಸರವಿಲ್ಲ, ಅದು ಅಭ್ಯಾಸವಾಗಿದೆ. ಕಂಡಿತಾ ಎಂದು ಪಕ್ಕದಿಂದ ಕೇಳುವವಳಿಲ್ಲ, ಅದಕ್ಕೇ ಕಣ್ಣಲ್ಲಿ ನೀರು ಬಂತು. ನಾನು ರೆಪ್ಪೆ ಬಡಿಯುತ್ತಲೇ ಇದ್ದೆ.