ಸನ್ಮಾನದ ದಿನದ ಪಂದ್ಯ

ನಮ್ಮ ಕಡೆ ಯಾರಾದರೂ ಏನಾದರೂ ಸಾಧಿಸಿದರೆ ಅವರನ್ನು ಸುಮ್ಮನೆ ಬಿಡುವುದಿಲ್ಲ, ಶಾಲು ಹೊದಿಸಿಯೇ ತೀರುತ್ತಾರೆ. ಅವರು ಕೈಗೆ ಸಿಗದಿದ್ದರೆ ಅವರ ಅಪ್ಪ ಅವ್ವನಿಗಾದರೂ ಹೊದಿಸುತ್ತಾರೆ. ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ.

ನನ್ನ ತಮ್ಮ ಹಾಕಿ ಗೋಲ್‌ಕೀಪರ್. ನಾವು ಮೊದಲಿದ್ದ ಸಂಡೂರಿನ ಕೆಂಪು ಮಣ್ಣಿನ ಮೈದಾನದಲ್ಲಿ ಬಿದ್ದು ಎದ್ದು ಆಟ ಕಲಿತವನು. ಅವನ ಬಟ್ಟೆ ಒಗೆದು ಒಗೆದು ಅವ್ವನ ಬಕೆಟ್ಟೇ ಕೆಂಪಾಗಿತ್ತು. ಆ ಸಲ ದೇಶದ ಜೂನಿಯರ್ ತಂಡದ ಜೊತೆ ಹೊರದೇಶಕ್ಕೆ ಟೂರ್ನಿ ಆಡಲು ಹೋಗಿದ್ದ. ಆಡಲು ಅನ್ನುವುದೂ ಅರ್ಧ ಸುಳ್ಳೇ, ಯಾಕೆಂದರೆ ಅವನು ಎರಡನೇ ಕೀಪರ್. ಹೊಸಪೇಟೆಯ ಮನೆಯಲ್ಲಿ ನಾವು ಫೋನಿಗೆ ಅಂಟಿಕೊಂಡು ಎಲ್ಲ ಪಂದ್ಯ ನೋಡಿದೆವು. ಕಂಡದ್ದು ಮಾತ್ರ ಅವನು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುವುದು. ಕೊನೆಗೆ ಕಂಚಿನ ಪದಕದ ಪಂದ್ಯ ಒಂದು ಉಳಿಯಿತು. ಅದು ಮುಗಿದರೆ ಜೂನಿಯರ್ ವಯಸ್ಸೂ ಮುಗಿಯಿತು. "ಪಂದ್ಯ ಸಮ ಆದ್ರ ಶೂಟೌಟ್‌ಗೆ ನನ್ನ ಇಳಸ್ತೀನಿ ಅಂದಾರ ಕೋಚ್. ನೋಡವ್ವ ಮತ್ತ," ಅಂತ ಹಿಂದಿನ ದಿನ ಫೋನ್ ಮಾಡಿ ಹೇಳಿದ್ದ. ಶೂಟೌಟ್ ಅಂದರೆ ಎದುರಿನವರು ಒಬ್ಬೊಬ್ಬರಾಗಿ ಬಂದು ಗೋಲಿಗೆ ಹೊಡೆಯುವುದು, ತಡೆಯಲು ಕೀಪರ್ ಒಬ್ಬನೇ.

ಆ ಪಂದ್ಯದ ದಿನವೇ ಅಪ್ಪನ ಹುಟ್ಟೂರು ಕಂಪ್ಲಿಯಲ್ಲಿ ಅಪ್ಪ ಅವ್ವನಿಗೆ ಸನ್ಮಾನ ಇಟ್ಟರು. ಕಾರ್ಯಕ್ರಮ ಬೆಳಿಗ್ಗೆ, ಪಂದ್ಯ ಸಂಜೆ, ಆರಾಮಾಗಿ ಮುಗಿಸಿ ಬರಬಹುದು ಅಂದುಕೊಂಡೆವು. ನಾನು ಕೆಲಸ ಮಾಡುವ ತೋರಣಗಲ್ಲಿನ ಉಕ್ಕಿನ ಪ್ಲಾಂಟಿನಲ್ಲಿ ಶಿಫ್ಟ್ ಬದಲಾಯಿಸಿಕೊಂಡು, ಅಪ್ಪ ಅವ್ವನ ಜೊತೆ ಬಸ್ ಹತ್ತಿದೆ. ಹಂಪಿಗೆ ಹೋಗುವವರು ಕಮಲಾಪುರದಲ್ಲಿ ಇಳಿದ ಮೇಲೆ ಸೀಟೂ ಸಿಕ್ಕಿತು.

ಮುಖ್ಯ ಅತಿಥಿಗಳು ಮಾತ್ರ ಸಂಡೂರಿನಲ್ಲಿ ಇನ್ನೊಂದು ಕಾರ್ಯಕ್ರಮದಲ್ಲಿದ್ದರು. "ಹೊಂಟಾರ್ರಿ", "ತೋರಣಗಲ್ಲು ದಾಟ್ಯಾರ್ರಿ", "ಇನ್ನೇನ್ ಬಂದೇ ಬಿಟ್ರು ಕುಂದ್ರಿ" ಅಂತ ಸಂಘಟಕರು ಸಮಾಧಾನ ಹೇಳುತ್ತಲೇ ಇದ್ದರು. ಊಟವೂ ಆಯಿತು. ಅತಿಥಿಗಳು ಕಾರಿನಿಂದ ಇಳಿಯುವ ಹೊತ್ತಿಗೆ ಸಂಜೆಯಾಗಿ, ಅತ್ತ ಪಂದ್ಯ ಶುರುವಾಗಿತ್ತು.

ವೇದಿಕೆಯ ಮೇಲೆ ಕೂತು ದುಪಟ್ಟಾದ ಮರೆಯಲ್ಲಿ ಫೋನ್ ತೆಗೆದೆ. ಸಂಘಟಕರು ಬಗ್ಗಿ, "ತಂಗೀ, ಒಳಗಿಡವ್ವ, ವಿಡಿಯೋದಾಗ ಚಲೋ ಕಾಣಂಗಿಲ್ಲ. ಮ್ಯಾಚ್ ಆಮ್ಯಾಲೆ ನೋಡಬೌದು, ಎಲ್ಲಿ ಓಡಿ ಹೋಗ್ತೈತಿ?" ಅಂದರು. ಅತ್ತ ಮೈಕಿನಲ್ಲಿ ಅತಿಥಿಗಳು, ಈ ಹುಡುಗ ಇವತ್ತು ಗೋಲಿನ ಮೇಲೆ ಗೋಲು ಬಾರಿಸುತ್ತಾನೆ ಅಂದರು. ಜೋರು ಚಪ್ಪಾಳೆ. "ಅವ ಹೊಡ್ಯಾವಲ್ಲ, ತಡ್ಯಾವ," ಅಂತ ಅವ್ವ ಗೊಣಗಿದಳು.

"ಎದ್ದು ಹೋಗೋಣ ಬಾ," ಅಂದೆ.

"ಸುಮ್ನ ಕುಂದ್ರು. ನನ್ನ ಮಗನ ಸಲುವಾಗಿ ಇಷ್ಟು ಮಂದಿ ಬಂದಾರ. ಎದ್ದು ಹೋದ್ರ ಏನಂದಾರು?" ಹಾಗೆ ಹೇಳಿದವಳ ಕಣ್ಣು ಫೋನ್ ಒಳಗಿಟ್ಟಿದ್ದ ನನ್ನ ಬ್ಯಾಗಿನ ಮೇಲೇ ಇತ್ತು.

ಇನ್ನೊಂದು ಭಾಷಣ, ಮತ್ತೊಂದು ಭಾಷಣ. ಮೈಯೆಲ್ಲ ಉರಿಯುತ್ತಿತ್ತು. ವಂದನಾರ್ಪಣೆಯವರು ಶಾಮಿಯಾನದವರಿಗೂ ಪಲಾವ್ ಮಾಡಿದವರಿಗೂ ಕೃತಜ್ಞತೆ ಹೇಳುತ್ತಿದ್ದಾಗ ಪ್ಲಾಂಟಿನ ಗೆಳತಿಯ ಮೆಸೇಜು ಬಂತು: ಪಂದ್ಯ ಸಮ ಆಯ್ತು, ನಿನ್ನ ತಮ್ಮ ಇಳಿದ. ನಾನು ಅವ್ವನ ಕೈ ಹಿಡಿದು ಎಳೆದೆ. ಈ ಸಲ ಅವಳೂ ಎದ್ದಳು.

"ಎಲ್ಲಿಗೆ ಹೊಂಟ್ರಿ? ಗ್ರೂಪ್ ಫೋಟೋ ಐತಿ!"

ನಾಲ್ಕು ಕೈ ನಮ್ಮನ್ನು ವಾಪಸ್ ನಿಲ್ಲಿಸಿದವು. ಅಪ್ಪನ ಪೇಟ ಕಣ್ಣಿನ ಮೇಲೆ ಜಾರಿತು, ಸರಿ ಮಾಡಿ ಇನ್ನೊಂದು ಫೋಟೋ. ಫೋಟೋದಲ್ಲಿ ಬಿಟ್ಟುಹೋದವರೆಲ್ಲ ಬಂದು ನಿಂತರು, ಅವರಿಗಾಗಿ ಮತ್ತೊಂದು. ಹಲ್ಲು ಕಿರಿಯುತ್ತಲೇ ಫೋನ್ ಒತ್ತಿದೆ. ನೆಟ್‌ವರ್ಕ್ ಸುತ್ತಿತು, ಸುತ್ತಿತು. ಚಿತ್ರ ಬಂದಾಗ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಗೆದ್ದಿದ್ದರು. ಆ ರಾಶಿಯ ಅಡಿಯಿಂದ ದಪ್ಪ ಪ್ಯಾಡ್ ಕಟ್ಟಿದ ಎರಡು ಕಾಲು ಮಾತ್ರ ಹೊರಗಿದ್ದವು.

"ಅವನ ಕಾಲು!" ಅಂದಳು ಅವ್ವ.

ಗೆದ್ದ ಸುದ್ದಿ ಕೇಳಿ ಸಂಘಟಕರು ಖುಷಿಯಾಗಿ ಇನ್ನೊಂದು ಹಾರ ತರಿಸಿದರು. ಅದನ್ನು ಕಿತ್ತು ಬಿಸಾಕಬೇಕು ಅನ್ನಿಸಿತು. ಅಪ್ಪ ಕೊರಳು ಬಾಗಿಸಿ ಹಾಕಿಸಿಕೊಂಡರು.

ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ತಮ್ಮ ಫೋನ್ ಮಾಡಿದ. ಸ್ಪೀಕರಿಗೆ ಹಾಕಿದೆ. ದನಿಯಲ್ಲಿ ನಗು ತುಂಬಿ ತುಳುಕುತ್ತಿತ್ತು. "ನೋಡಿದ್ಯವ್ವ? ಕೊನೇದು ನೋಡಿದ್ಯಾ?"

ಅವ್ವ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡುವಷ್ಟರಲ್ಲಿ, "ನೋಡ್ದೆ ಕಂದ. ಕಾಲಾಗ ಭಾಳ ಚಲೋ ತಡದಿ," ಅಂದುಬಿಟ್ಟಳು.



"ಕೊನೇದು ನಾ ತಡೀಲಿಲ್ಲವ್ವ," ಅಂದ ತಮ್ಮ. "ಎದುರಿನ ಟೀಮಿನವ ತಾನಾ ಹೊರಗ ಹೊಡ್ದ."

ಅವ್ವ ಹೆಗಲ ಮೇಲಿನ ಶಾಲು ತೆಗೆದು ಮಡಚತೊಡಗಿದಳು. ಅವನೇ ಮಾತು ಬದಲಿಸಿ ಕೇಳಿದ:

"ಊಟ ಆತೇನವ್ವ?"