ಕೈ ತೊಳೆದ ಮೇಲೆ ಮಾತಿಲ್ಲ

ಕಳೆದ ಶುಕ್ರವಾರ ಸಂಜೆ 7.42ರಿಂದ 7.49ರವರೆಗೆ ನಮ್ಮಪ್ಪ ಒಬ್ಬರೇ ಮಾತಾಡಿದರು. ಎದುರಿಗೆ ಕೂತ ಮನೆಯೊಡತಿ ಒಂದಕ್ಕೂ ಉತ್ತರ ಕೊಡಲಿಲ್ಲ. ಏಳು ನಿಮಿಷ. (ಗಡಿಯಾರ ಅಪ್ಪನ ತಲೆಯ ಹಿಂದೆಯೇ ಇತ್ತು, ನಾನೇನು ಮಾಡಲಿ?)

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ನಾನು ಬಾಡಿಗೆಗಿರುವುದು ರೇಚೆಲ್ ಮಾವಶಿಯ ಮನೆಯ ಹಿಂದಿನ ಕೋಣೆಯಲ್ಲಿ. (ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಎಲ್ಲರೂ ಅವರನ್ನು ಹಾಗೇ ಕರೆಯುವುದು.) ಮಾವಶಿ ಯೆಹೂದಿ, ಎಪ್ಪತ್ತು ದಾಟಿದವರು. ಮನೆಮಾತು ಮರಾಠಿ. ರೇಲ್ವೆಯಲ್ಲಿದ್ದ ಗಂಡನ ಜೊತೆ ಹುಬ್ಬಳ್ಳಿಯಲ್ಲಿ ಇದ್ದುದರಿಂದ ಕನ್ನಡವೂ ಬರುತ್ತದೆ.

ನಾವು ಗದಗಿನ ಕ್ರೈಸ್ತರು. ಅಪ್ಪ ಚರ್ಚಿನ ಹಿರಿಯರು. ಸಭಾಪಾಲಕರು ರಜೆ ಹಾಕಿದರೆ ಪ್ರಸಂಗ, ಅಂದರೆ ಭಾನುವಾರದ ಉಪದೇಶ, ಅವರದೇ. ಶಿಷ್ಯರು ಕೈ ತೊಳೆಯದೆ ಉಂಡರೆಂದು ಫರಿಸಾಯರೆಂಬ ಮಡಿವಂತ ಯೆಹೂದಿಗಳು ಯೇಸುವಿನ ಹತ್ತಿರ ತಕರಾರು ತೆಗೆದ ಕಥೆ ಅವರಿಗೆ ಬಲು ಪ್ರೀತಿ. ಒಂಬತ್ತು ಸಲ ಕೇಳಿದ್ದೇನೆ. (ಡೈರಿಯಲ್ಲಿದೆ.) ಸಾರ ಇಷ್ಟು: ಬಾಯೊಳಗೆ ಹೋಗುವುದರಿಂದ ಮನುಷ್ಯ ಕೆಡುವುದಿಲ್ಲ, ಬಾಯಿಂದ ಹೊರಬರುವುದರಿಂದ ಕೆಡುತ್ತಾನೆ.

ಅಪ್ಪ ಪುಣೆಗೆ ಬಂದದ್ದು ಒಂದೇ ಕೆಲಸಕ್ಕೆ. ಈ ಮನೆ ನನಗೆ ತಕ್ಕುದೋ, ಇಲ್ಲ ನನ್ನನ್ನು ಲೇಡೀಸ್ ಹಾಸ್ಟೆಲ್ಲಿಗೆ ಹಾಕಬೇಕೋ? ಹಾಸ್ಟೆಲನ್ನು ನಾನು ನೋಡಿ ಬಂದಿದ್ದೆ. ಕೋಣೆಗೆ ಆರು ಜನ, ಎಂಟಕ್ಕೆ ಗೇಟ್ ಬಂದ್, ಇಡೀ ಮಹಡಿಗೆ ಒಂದೇ ಕನ್ನಡಿ.

ಶುಕ್ರವಾರ ಸಂಜೆಗೆ ಶುರುವಾಗುವ ಯೆಹೂದಿಗಳ ವಿಶ್ರಾಂತಿದಿನದ, ಅಂದರೆ ಸಬ್ಬತ್ತಿನ ಊಟಕ್ಕೆ ಮಾವಶಿ ಅಪ್ಪನನ್ನೂ ಕರೆದರು. ಊಟಕ್ಕೆ ಮೊದಲು ಎರಡು ಹಿಡಿಕೆಯ ಚೊಂಬಿನಿಂದ ಬಲಗೈಗೆ ಎರಡು ಸಲ, ಎಡಗೈಗೆ ಎರಡು ಸಲ ನೀರು ಸುರಿದುಕೊಳ್ಳುವುದು ಅವರ ಪದ್ಧತಿ.

"ನಿಮಗ ಬೇಕಾಗಿಲ್ರೀ," ಎಂದರು ಮಾವಶಿ.

"ನನ್ನ ಕೈ ಸ್ವಚ್ಛ ಅದಾವ್ರೀ," ಅಪ್ಪ ಅಂಗೈ ತೋರಿಸಿ ಕೂತರು.

ಮಾವಶಿ ನೀರು ಸುರಿದುಕೊಂಡು, ಹೀಬ್ರೂದಲ್ಲಿ ಒಂದು ಸಾಲು ಹೇಳಿ, ಕೈ ಒರೆಸಿಕೊಂಡರು. ಇನ್ನು ಬ್ರೆಡ್ ಮುರಿದು ಬಾಯಿಗಿಡುವವರೆಗೆ ಅವರು ಮಾತಾಡುವಂತಿಲ್ಲ. ಅಪ್ಪನಿಗೆ ಇದನ್ನು ಹೇಳಲು ಮರೆತಿದ್ದೆ. (ಪಟ್ಟಿಯಲ್ಲಿ ಬರೆದಿದ್ದೆ. ಪಟ್ಟಿ ನೋಡಲು ಮರೆತೆ.)

"ನಮ್ಮ ಹುಡುಗಿ ತ್ರಾಸು ಕೊಡತಾಳೇನ್ರೀ?" ಅಪ್ಪ ಶುರುಮಾಡಿದರು.

ಮಾವಶಿ ಸುಮ್ಮನೆ ನಕ್ಕರು.

"ರಾತ್ರಿ ಎಷ್ಟಕ್ಕ ಮನಿಗೆ ಬರತಾಳ?"

ಮಾವಶಿ ಛಾವಣಿ ನೋಡಿದರು. ಅಪ್ಪ ನನ್ನನ್ನು ನೋಡಿದರು.

"ಹುಡುಗರು ಗಿಡುಗರು ಯಾರರೆ ಬರತಾರೇನು?"

ಮಾವಶಿ ತುಟಿ ಬಿಗಿಹಿಡಿದು, ಎರಡೂ ಕೈಯ ಬೆರಳು ಬಿಡಿಸಿ ಜೋರಾಗಿ ಅಲ್ಲಾಡಿಸಿದರು. ಇಲ್ಲವೇ ಇಲ್ಲ ಎಂದು. ಅಪ್ಪನಿಗೆ ಕಂಡದ್ದು ಹತ್ತು ಬೆರಳು.

"ಅಪ್ಪಾ, ಅವರು ಈಗ..."

"ನೀ ಸುಮ್ನಿರು. ಪ್ರಾರ್ಥನಾ ಮಾಡೂಣು."

ಬ್ರೆಡ್ಡಿನತ್ತ ಚಾಚಿದ ಕೈಯನ್ನು ಮಾವಶಿ ಮರ್ಯಾದೆಗೆ ಹಿಂದೆಗೆದರು. ಅಪ್ಪ ಕಣ್ಣು ಮುಚ್ಚಿ ದೇವರಿಗೆ ಎಲ್ಲವನ್ನೂ ವರದಿ ಮಾಡಿದರು: ದಾರಿ ತಪ್ಪುತ್ತಿರುವ ಮಗಳು, ಹೊರಗೆ ತೊಳೆದು ಒಳಗಿನ ಕೊಳೆ ಹಾಗೇ ಬಿಡುವ ಜನ, ಹಾಸ್ಟೆಲಿನ ಸೀಟು.

ಆಮೆನ್ ಎಂದದ್ದೇ ತಡ, ಮಾವಶಿ ಬ್ರೆಡ್ ಮುರಿದು, ಉಪ್ಪಿಗದ್ದಿ, ನುಂಗಿದರು.

"ಹತ್ತಲ್ರೀ. ಒಬ್ಬನೂ ಬರೂದಿಲ್ಲ. ಏಳೂವರಿಗೆ ಮನ್ಯಾಗ ಇರತಾಳ, ಬಂದಕೂಡಲೇ ಬರಕೋತ ಕೂಡತಾಳ." ಆಮೇಲೆ ಪದ್ಧತಿಯನ್ನು ವಿವರಿಸಿದರು.

ಅಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ನಾ ಅಷ್ಟೆಲ್ಲಾ ಅಂದೆ. ಸಿಟ್ಟು ಬರಲಿಲ್ಲೇನ್ರೀ?"

"ಬಂದಿತ್ರೀ, ಭಾಳ. ಬಾಯಿ ಬಿಡೂ ಹಂಗ ಇರಲಿಲ್ಲ. ಬ್ರೆಡ್ ಬಾಯಾಗ ಹೋಗೂದ್ರಾಗ ಸಿಟ್ಟು ಇಳಿದಿತ್ತು."

ಈ ಉತ್ತರಕ್ಕೆ ಯಾವ ಪ್ರಸಂಗದಲ್ಲಿ ಜಾಗವಿದೆ, ಹೇಳಿ? ಬಾಯಿಂದ ಹೊರಬರುವುದನ್ನು ನೋಡಿಕೊಳ್ಳಿ ಎಂದು ನಾವು ಪೀಠದ ಮೇಲೆ ನಿಂತು ಕೂಗುತ್ತೇವೆ. ಮಾವಶಿ ವಾರಕ್ಕೊಮ್ಮೆ ಕೈ ಒದ್ದೆ ಮಾಡಿಕೊಂಡು ಅದನ್ನೇ ಅಭ್ಯಾಸ ಮಾಡುತ್ತಾರೆ. ಯೇಸು ಬೈದದ್ದು ನೀರಿಗಂತೂ ಅಲ್ಲ.

ಅಪ್ಪ ಆ ಊಟವನ್ನು ಮಾತಿಲ್ಲದೆ ಮುಗಿಸಿದರು. (ನನ್ನ ದಾಖಲೆಯಲ್ಲಿ ಇದೇ ಮೊದಲು.)

ಭಾನುವಾರ ಸ್ವಾರಗೇಟಿನಲ್ಲಿ ಬಸ್ ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರು: "ಇಲ್ಲೇ ಇರು. ಮತ್ತ ಆ ಎರಡು ಹಿಡಿಕಿ ಚೊಂಬು ಎಲ್ಲಿ ಸಿಗತದ ಕೇಳು. ನಮ್ಮ ಚರ್ಚ್ ಕಮಿಟಿ ಮೀಟಿಂಗಿಗೆ ಬೇಕು."