ದೇವರ ಗೂಡಿನ ಇಂಜೆಕ್ಷನ್

ಹತ್ತೊಂಬತ್ತರ ನನ್ನ ಮಗಳಿಗೆ ಶೇಂಗಾ ಆಗುವುದಿಲ್ಲ. ಪಲ್ಯಕ್ಕೂ ಚಟ್ನಿಗೂ ಶೇಂಗಾ ಪುಡಿ ಹಾಕುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಕಷ್ಟವಲ್ಲ. ಒಂದು ಕಾಳು ಬಾಯಿಗೆ ಬಿದ್ದರೂ ಗಂಟಲು ಬಾತು ಉಸಿರು ಕಟ್ಟುತ್ತದೆ. ಆಗ ತಕ್ಷಣ ತೊಡೆಗೆ ಚುಚ್ಚಿಕೊಳ್ಳಲು ಡಾಕ್ಟರು ಪೆನ್ನಿನಂಥ ಒಂದು ಇಂಜೆಕ್ಷನ್ ಬರೆದುಕೊಟ್ಟಿದ್ದರು.

ಅದನ್ನು ನಮ್ಮ ಅತ್ತೆ ಡಬ್ಬಿ ಸಮೇತ ದೇವರ ಗೂಡಿನಲ್ಲಿ, ಸಾಲಿಗ್ರಾಮದ ಪಕ್ಕದಲ್ಲಿ ಇಟ್ಟುಬಿಟ್ಟರು. ಜೀವ ಉಳಿಸುವ ವಸ್ತು ಅಲ್ಲೇ ಇರಬೇಕಂತೆ. ಆದರೆ ಸ್ನಾನ ಮಾಡಿ ಮಡಿ ಉಡದೆ ಆ ಗೂಡನ್ನು ಯಾರೂ ಮುಟ್ಟುವಂತಿಲ್ಲ. ಉಸಿರು ಕಟ್ಟಿದವಳು ಮೊದಲು ಸ್ನಾನಕ್ಕೆ ಹೋಗಬೇಕೇ? ವರ್ಷವಿಡೀ ಒಳಗೊಳಗೇ ಕುದ್ದೆನೇ ಹೊರತು ಬಾಯಿಬಿಟ್ಟು ಹೇಳಲಿಲ್ಲ.

ಮಗಳು ನಮ್ಮೂರು ಎಮ್ಮಿಗನೂರಿನಿಂದ ಆದೋನಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೆ ನನ್ನ ತಾಳ್ಮೆ ಕೆಟ್ಟಿತು. ಒಂದು ಬೆಳಿಗ್ಗೆ ಅತ್ತೆ ಹಿತ್ತಲಲ್ಲಿದ್ದಾಗ ಸ್ನಾನವಿಲ್ಲದೆಯೇ ಗೂಡಿಗೆ ಕೈಹಾಕಿದೆ. ಡಬ್ಬಿ ಹಗುರವಾಗಿತ್ತು. ತೆರೆದು ನೋಡಿದರೆ ಖಾಲಿ. ಗೂಡಿನ ಮೂಲೆಮೂಲೆ ತಡಕಾಡಿದೆ.

"ಹುಡುಕಬ್ಯಾಡಮ್ಮ, ನನ್ನ ಬ್ಯಾಗಿನ್ಯಾಗ ಅದ," ಎಂದಳು ಮಗಳು, ಬಾಗಿಲಲ್ಲಿ ನಿಂತು. "ಹಳೇದರ ಡೇಟು ಮುಗಿದಿತ್ತು, ತೆಗೆದುಹಾಕೀನಿ. ನಾನೇ ಡಾಕ್ಟರ ಹತ್ರ ಹೋಗಿ ಹೊಸಾ ಚೀಟಿ ಬರಿಸ್ಕೊಂಡು ತಂದೀನಿ. ಹೆಂಗ ಚುಚ್ಚೋದು ಅಂತ ಗೆಳತಿಗೂ ಕಲಿಸೀನಿ."

"ಮತ್ತ ಈ ಡಬ್ಬಿ?"

"ಅಜ್ಜಿ ದಿನಾ ಅದಕ್ಕ ಹೂ ಏರಿಸ್ತಾಳ. ಇರ್ಲಿ ಬಿಡು."

ವರ್ಷದಿಂದ ಎದೆಯಲ್ಲಿ ಕುಳಿತಿದ್ದ ಭಾರ ಇಳಿಯಿತು. ಖಾಲಿ ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಜಾರಿದ್ದ ಹೂವನ್ನು ಅದರ ಮೇಲೆ ಏರಿಸಿ, ಅತ್ತೆ ಬರುವ ಮೊದಲೇ ಸ್ನಾನಕ್ಕೆ ಹೋದೆ.